ಮೀನಿನ ಸಾಕ್ಷ್ಯ: ಎ ಜೀವಸತ್ತ್ವದ ಸಂಶೋಧನೆಯಲ್ಲಿ ಪ್ರಮಾಣವಿಚಾರ

ಪ್ರಯೋಗಶಾಲೆಯ ಮೀನೊಂದನ್ನು ಕುರಿತು ಇತಿಹಾಸ ವಿಭಾಗದವರು ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನಾವಿಲ್ಲಿ ಪರಿಶೀಲಿಸಹೊರಟಿರುವುದು ಮೀನಿನ ಅಂಗರಚನೆಯನ್ನಲ್ಲ, ಅದರ ಸಾಕ್ಷ್ಯದ ಬೆಲೆಯನ್ನು. ಒಂದು ಜೀವಿಯಲ್ಲಿ ಕಂಡುದನ್ನು ಇನ್ನೊಂದು ಜೀವಿಯ ವಿಷಯದಲ್ಲಿ ಎಷ್ಟರ ಮಟ್ಟಿಗೆ ಪ್ರಮಾಣವೆಂದು ಅಂಗೀಕರಿಸಬಹುದು ಎಂಬ ಪ್ರಶ್ನೆ ಶಾಸನಗಳನ್ನು ಓದುವವರಿಗೆ ಹೊಸದೇನಲ್ಲ.

ಎ ಜೀವಸತ್ತ್ವವು ಕಣ್ಣಿಗೆ ಅವಶ್ಯಕವೆಂಬುದನ್ನು ಶಾಲಾಬಾಲಕರೂ ಬಲ್ಲರು. ಅದೇ ವಸ್ತು ದೇಹದಲ್ಲಿ ರೆಟಿನೋಯಿಕ್ ಆಮ್ಲವಾಗಿ ಮಾರ್ಪಟ್ಟು, ಬೆಳೆಯುತ್ತಿರುವ ಭ್ರೂಣದ ಜೀವಕೋಶಗಳಿಗೆ ಅವು ಯಾವ ಅಂಗವಾಗಬೇಕೆಂಬ ಸಂಜ್ಞೆಯನ್ನೀಯುತ್ತದೆ ಎಂಬುದು ಅಷ್ಟು ಪ್ರಸಿದ್ಧವಲ್ಲ. ಈ ಜೀವಸತ್ತ್ವವಿಲ್ಲದ ಆಹಾರವನ್ನು ತಿಂದ ಹಂದಿಗೆ ಕಣ್ಣುಗುಡ್ಡೆಗಳೇ ಇಲ್ಲದ ಮರಿಗಳು ಹುಟ್ಟಿದುದನ್ನು 1933ರಲ್ಲಿ ಅಮೆರಿಕದ ಟೆಕ್ಸಾಸಿನ ಫ್ರೆಡ್ ಹೇಲ್ ಎಂಬ ವಿದ್ವಾಂಸರು ಪ್ರಕಟಿಸಿದರು. ಅತಿಯಾದ ಸೇವನೆಯಿಂದಲೂ ಮರಿಗಳು ವಿಕಲಾಂಗವಾಗುತ್ತವೆಂಬುದನ್ನು 1953ರಲ್ಲಿ ಕೋಲನ್ ಎಂಬವರು ಇಲಿಗಳಲ್ಲಿ ತೋರಿಸಿದರು. ಇದೇ ವರ್ಗದ ಐಸೋಟ್ರೆಟಿನೋಯಿನ್ ಎಂಬ ಮೊಡವೆಯ ಔಷಧಕ್ಕೆ 1982ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಗರ್ಭಿಣಿಯರು ಅದನ್ನು ಸೇವಿಸಿದುದರಿಂದ ಶಿಶುಗಳ ಕಿವಿ, ಹೃದಯ, ಮಿದುಳುಗಳಿಗೆ ಒದಗಿದ ಹಾನಿಯ ವಿವರಗಳು 1985ರಲ್ಲಿ ಹೊರಬಂದವು. ಕೊರತೆಯೂ ಹಾನಿ, ಅತಿಯೂ ಹಾನಿ. ಆದುದರಿಂದ ಇಲ್ಲಿ ಸಾಕ್ಷ್ಯಪರೀಕ್ಷೆಯು ಬರಿಯ ಪಂಡಿತರ ವಿನೋದವಲ್ಲ.

ಇನ್ನು ಸಾಕ್ಷಿಯ ಪರಿಚಯ. ಜೀಬ್ರಾ ಮೀನೆಂದು ಹೆಸರಾದ ಈ ಪಟ್ಟೆಯ ಸಣ್ಣ ಮೀನು ನಮ್ಮ ಗಂಗಾತೀರದ್ದು. ಇದನ್ನು 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥದಲ್ಲಿ ವರ್ಣಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್ ಬೇರೆ ಯಾರೂ ಅಲ್ಲ. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಬರೆದ, ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲ ಬುಕಾನನ್ನನೇ. ಪ್ರಯೋಗಶಾಲೆಯಲ್ಲಿ ಇದಕ್ಕೆ ಪ್ರತಿಷ್ಠೆಯನ್ನು ತಂದವರು ಆರೆಗನ್ ವಿಶ್ವವಿದ್ಯಾನಿಲಯದ ಜಾರ್ಜ್ ಸ್ಟ್ರೈಸಿಂಗರ್. ಅವರ ಮುಖ್ಯ ಪ್ರಬಂಧ 1981ರದು. ಭ್ರೂಣವು ತಾಯಿಯ ಹೊರಗೆ ಬೆಳೆಯುತ್ತದೆ, ಗಾಜಿನಂತೆ ಪಾರದರ್ಶಕವಾಗಿದೆ, ಸುಮಾರು ಒಂದು ದಿನದಲ್ಲಿ ಹೃದಯ ಮಿಡಿಯತೊಡಗುತ್ತದೆ.

ಈ ಸಾಕ್ಷಿಯು ಹೇಳಿದ್ದರಲ್ಲಿ ಅತ್ಯಂತ ಬೆಲೆಯುಳ್ಳದ್ದು ಯಾವುದು? 2001ರಲ್ಲಿ ‘ನೆಕ್‌ಲೆಸ್’, ಎಂದರೆ ಕತ್ತಿಲ್ಲದ್ದು, ಎಂಬ ವಿಕೃತ ತಳಿಯ ವಿವರಣೆ ಪ್ರಕಟವಾಯಿತು. ರೆಟಿನೋಯಿಕ್ ಆಮ್ಲವನ್ನು ತಯಾರಿಸುವ ಕಿಣ್ವವೊಂದು ಕೆಟ್ಟುಹೋದ ಈ ಮೀನಿನಲ್ಲಿ ಎದೆಯ ಈಜುರೆಕ್ಕೆಗಳು ಮೂಡುವುದೇ ಇಲ್ಲ. ಅದಕ್ಕೆ ಮೊದಲೇ, 1999ರಲ್ಲಿ, ಸ್ಟ್ರಾಸ್‌ಬರ್ಗಿನ ವಿದ್ವಾಂಸರು ಅದೇ ಕಿಣ್ವವನ್ನು ಸುಂಡಿಲಿಯಲ್ಲಿ ತೆಗೆದುಹಾಕಿದಾಗ ಕಾಲುಗಳ ಮೊಳಕೆಗಳು ಮೂಡದೆ ಭ್ರೂಣ ಸತ್ತಿತು. ಪರಸ್ಪರ ಸಂಬಂಧವಿಲ್ಲದ ಇಬ್ಬರು ಸಾಕ್ಷಿಗಳು ಒಂದೇ ಮಾತನ್ನಾಡಿದಾಗ ನಂಬಲು ಅಡ್ಡಿಯಿಲ್ಲ. 2013ರಲ್ಲಿ ಜಪಾನಿನ ವಿಜ್ಞಾನಿಗಳು ಇನ್ನೂ ಮುಂದೆ ಹೋಗಿ, ಬದುಕಿರುವ ಮೀನಿನ ಭ್ರೂಣದಲ್ಲಿ ಈ ಆಮ್ಲವು ನಡುಮೈಯಲ್ಲಿ ಹೆಚ್ಚಾಗಿಯೂ ತಲೆ ಬಾಲಗಳೆಡೆಗೆ ಕ್ರಮೇಣ ಕಡಿಮೆಯಾಗಿಯೂ ಇರುವುದನ್ನು ಕಣ್ಣಾರೆ ಕಾಣಿಸಿದರು.

ತೊಡಕು ಬರುವುದು ಪ್ರಮಾಣದ, ಅಳತೆಯ ವಿಷಯದಲ್ಲಿ. ಮಾನವಶಿಶುವಿಗೆ ಎ ಜೀವಸತ್ತ್ವವು ತಾಯಿಯ ಯಕೃತ್ತಿನಿಂದ ರಕ್ತದ ಮೂಲಕ, ಜರಾಯುವನ್ನು ದಾಟಿ, ದಿನದಿನವೂ ಬರುತ್ತದೆ. ಮೀನಿನ ಭ್ರೂಣಕ್ಕಾದರೋ ತಾಯಿಯು ಮೊಟ್ಟೆಯ ಹಳದಿ ಭಾಗದಲ್ಲಿ ಒಮ್ಮೆ ಕಟ್ಟಿಕೊಟ್ಟ ಬುತ್ತಿಯೇ ಗತಿ. ಮುಚ್ಚಿದ ಹಗೇವನ್ನು ನೋಡಿ ಪೇಟೆಯ ಧಾನ್ಯದ ಧಾರಣೆಯನ್ನು ಹೇಳಲಾದೀತೆ? ಮೇಲಾಗಿ ಪ್ರಯೋಗದಲ್ಲಿ ಆಮ್ಲವನ್ನು ನೀರಿನಲ್ಲಿ ಕರಗಿಸಿ ಭ್ರೂಣವನ್ನೇ ಅದರಲ್ಲಿ ಮುಳುಗಿಸುತ್ತಾರೆ. ಸಹಜವಾದ ಏರಿಳಿತ ಅಲ್ಲಿಗೆ ಅಳಿಸಿಹೋಗುತ್ತದೆ. ಹಾನಿಯ ಸ್ವರೂಪವನ್ನು ಇದರಿಂದ ತಿಳಿಯಬಹುದು. ಎಷ್ಟು ಸೇವಿಸಿದರೆ ಹಾನಿ ಎಂಬುದನ್ನು ತಿಳಿಯಲಾಗದು.

ಮಾನವನ ಜೀನುಗಳಲ್ಲಿ ಶೇಕಡಾ 70ರಷ್ಟಕ್ಕೆ ಮೀನಿನಲ್ಲಿ ಸಂವಾದಿಗಳಿವೆ ಎಂಬ ಮಾತನ್ನು ಪೀಠಿಕೆಗಳಲ್ಲೆಲ್ಲ ಮಂತ್ರದಂತೆ ಪಠಿಸುವ ವಾಡಿಕೆಯೂ ನಮಗೆ ಒಪ್ಪಿಗೆಯಾಗುವುದಿಲ್ಲ. ಈ ಆಮ್ಲದ ಸಂಜ್ಞೆಯನ್ನು ಸ್ವೀಕರಿಸುವ ಗ್ರಾಹಕಗಳು ನಮ್ಮಲ್ಲಿ ಮೂರು ಬಗೆ. ಜೀಬ್ರಾ ಮೀನು ಅವುಗಳಲ್ಲಿ ಒಂದನ್ನು ಕಳೆದುಕೊಂಡಿದೆ, ಉಳಿದೆರಡನ್ನು ಇಮ್ಮಡಿಯಾಗಿ ಉಳಿಸಿಕೊಂಡಿದೆ. ಪ್ರಶ್ನೆ ಈ ಗ್ರಾಹಕಗಳನ್ನು ಕುರಿತದ್ದಾಗಿರುವಾಗ ಒಟ್ಟು ಶೇಕಡಾವಾರು ಲೆಕ್ಕದಿಂದ ಏನು ಪ್ರಯೋಜನ?

ಎಲ್ಲಕ್ಕಿಂತ ಜಟಿಲವಾದುದು ಜೀವಸತ್ತ್ವವನ್ನು ಕೋಶದೊಳಕ್ಕೆ ಸೇರಿಸುವ ‘ಸ್ಟ್ರಾ-6’ ಎಂಬ ಪ್ರೋಟೀನಿನ ಪ್ರಕರಣ. ಇದರ ಜೀನು ಕೆಟ್ಟರೆ ಶಿಶುಗಳಲ್ಲಿ ಕಣ್ಣು, ಹೃದಯ, ಶ್ವಾಸಕೋಶಗಳ ಘೋರ ವಿಕಲತೆ ಉಂಟಾಗುತ್ತದೆಂದು 2007ರಲ್ಲಿ ತಿಳಿದುಬಂತು. 2008ರಲ್ಲಿ ಮೀನಿನಲ್ಲಿ ಆ ಜೀನನ್ನು ಅಡಗಿಸಿ, ಇದು ಆ ರೋಗದ ಮಾದರಿಯೆಂದು ಸಾರಲಾಯಿತು. ತೀವ್ರ ವಿಕಲತೆಗಳು ಕಂಡೂ ಬಂದವು. ಆದರೆ 2012ರಲ್ಲಿ ಜೀನನ್ನೇ ಕಳೆದ ಸುಂಡಿಲಿಗಳು ದೃಷ್ಟಿದೋಷವನ್ನುಳಿದು ಬಹುಮಟ್ಟಿಗೆ ಕ್ಷೇಮವಾಗಿದ್ದವು. ಬಂಧುತ್ವದಲ್ಲಿ ನಮಗೆ ಹತ್ತಿರದ ಪ್ರಾಣಿಯು ದೂರವಾಯಿತು, ದೂರದ ಮೀನು ಹತ್ತಿರವಾಯಿತು! ಮೀನಿನ ಪರವಾಗಿ ತೀರ್ಪನ್ನಿತ್ತುಬಿಡಬಹುದಾಗಿತ್ತು, ಆದರೆ ಆ ಪ್ರಯೋಗದಲ್ಲಿ ಬಳಸಿದ್ದು ಜೀನಿನ ಕೆಲಸವನ್ನು ತಾತ್ಕಾಲಿಕವಾಗಿ ತಡೆಯುವ ಮಾರ್ಫೋಲಿನೋ ಎಂಬ ವಸ್ತು. ಅದರಿಂದ ಕಂಡ ವಿಕಲತೆಗಳಲ್ಲಿ ಸುಮಾರು ಶೇಕಡಾ 80ರಷ್ಟು ನಿಜವಾಗಿ ಜೀನು ಕೆಟ್ಟ ತಳಿಗಳಲ್ಲಿ ಕಾಣಲಿಲ್ಲವೆಂದು 2015ರ ಪರೀಕ್ಷೆಯೊಂದು ತೋರಿಸಿತು. ಕೆಟ್ಟ ಜೀನಿನ ಕೊರತೆಯನ್ನು ಬೇರೆ ಜೀನುಗಳು ತುಂಬಿಕೊಡುವುದೂ ಇದಕ್ಕೆ ಕಾರಣವಾಗಬಹುದೆಂದು ಅದೇ ವರ್ಷ ಬೇರೆ ವಿದ್ವಾಂಸರು ಕಂಡುಕೊಂಡರು.

ತಲಕಾಡಿನ ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟರು ಕೂಟಶಾಸನಗಳೆಂದು ಶಂಕಿಸಿದಾಗ ಯಾರೂ ಅವನ್ನು ಕರಗಿಸಿಬಿಡಲಿಲ್ಲ. ಲಿಪಿಯನ್ನೂ ತಿಥಿಯನ್ನೂ ಒಂದೊಂದಾಗಿ ಪರೀಕ್ಷಿಸತೊಡಗಿದರು. ಮೀನಿನ ಪ್ರಬಂಧಗಳನ್ನು ತರಗತಿಯಲ್ಲಿ ಓದಿಸುವ ಅಧ್ಯಾಪಕರು ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಜೀನು ಕೆಟ್ಟದ್ದೋ ಅಡಗಿಸಿದ್ದೋ? ಭ್ರೂಣಕ್ಕೆ ಎ ಜೀವಸತ್ತ್ವ ಬಂದುದು ಮೊಟ್ಟೆಯಿಂದಲೋ ನೀರಿನಿಂದಲೋ? ಉತ್ತರವು ಪ್ರಬಂಧದ ಶೀರ್ಷಿಕೆಯಲ್ಲಿ ಬಹುಶಃ ಸಿಗದು, ವಿಧಾನವನ್ನು ವಿವರಿಸುವ ಸಣ್ಣಕ್ಷರದ ಪುಟಗಳಲ್ಲಿ ಹುಡುಕಬೇಕು.