ಸೋಲು ಗೊತ್ತಿದ್ದೂ ಓದುವ ಸುಖ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಗಂಗಾವತಿ ಕಡೆಯ ಭತ್ತದ ರೈತರ ನಿದ್ದೆ ಹಾರಿತು. ಮಳೆಯನ್ನೇ ನಂಬಿದ ತಾವರಗೇರಾ ಸೀಮೆಗಾದರೆ ಅಂಥ ದಿಗಿಲು ಪ್ರತಿ ಮುಂಗಾರಿನದು. ಇಂಥ ದಿನಗಳಲ್ಲಿ ಹಳೇ ಓದುಗರು ಹೊಸ ಪುಸ್ತಕಕ್ಕೆ ಕೈಹಾಕುವುದಿಲ್ಲ. ಗಳಗನಾಥರದೋ ತರಾಸು ಅವರದೋ ಐತಿಹಾಸಿಕ ಕಾದಂಬರಿಯನ್ನು ಮತ್ತೆ ಕಪಾಟಿನಿಂದ ಇಳಿಸುತ್ತಾರೆ.

ತಮಾಷೆಯೆಂದರೆ, ಈ ಕಾದಂಬರಿಗಳಲ್ಲಿ ಗೆದ್ದವರು ಕಡಿಮೆ. ಗಳಗನಾಥರ ‘ಕನ್ನಡಿಗರ ಕರ್ಮಕಥೆ’ಯಲ್ಲಿ 1565ರ ಯುದ್ಧಕ್ಕೆ ವಿಜಯನಗರ ಹಾಳಾಗುತ್ತದೆ. ತರಾಸು ಅವರ ‘ದುರ್ಗಾಸ್ತಮಾನ’ದಲ್ಲಿ 1779ಕ್ಕೆ ಚಿತ್ರದುರ್ಗ ಹೈದರಾಲಿಯ ವಶ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದಲ್ಲಿ 1834ಕ್ಕೆ ಕೊಡಗು ಕಂಪನಿ ಸರಕಾರದ ಪಾಲು. ಆದರೂ ಓದಿದವರಿಗೆ ಸಮಾಧಾನ. ನಾಳೆಯ ಪೇಪರಿನಲ್ಲಿ ಏನಿದೆಯೋ ಎಂಬ ಭಯ ಇಲ್ಲಿಲ್ಲ, ಆಗುವುದೆಲ್ಲ ಆಗಿಹೋಗಿದೆ. ಲೈಬ್ರರಿ ಪ್ರತಿಯ ರಟ್ಟು ಕಿತ್ತು, ಹೊಲಿಗೆ ಸಡಿಲಿ, ಕೊನೆಯ ಹಾಳೆಗಳೇ ಹಾರಿಹೋಗಿದ್ದರೂ ಎರಡನೇ ಸಲ ಓದುವವರಿಗೆ ಲುಕ್ಸಾನಿಲ್ಲ.

ಅರಮನೆ, ಕತ್ತಿ, ಒಳಸಂಚು ಎಂದು ಮೂಗು ಮುರಿದ ನವ್ಯದ ಪಂಡಿತರಿಗೆ ಈ ಸುಖ ದಕ್ಕಲಿಲ್ಲ. ಆದರೂ ಮಾಸ್ತಿಯವರಿಗೆ 1983ರ ಜ್ಞಾನಪೀಠ ತಂದದ್ದು ‘ಚಿಕವೀರ ರಾಜೇಂದ್ರ’ವೇ. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಆದರೆ 1985ರಲ್ಲಿ, ತರಾಸು ತೀರಿಕೊಂಡು ಒಂದು ವರ್ಷವಾಗಿತ್ತು.

ಪ್ರಶಸ್ತಿಯ ಮಾತು ಬಿಡಿ, ಗಳಗನಾಥರ ಕಥೆಯೇ ಬೇರೆ. ಕನ್ನಡಿಗರ ಅಭಿಮಾನ ಕೆರಳಿಸಿದ ‘ಕರ್ಮಕಥೆ’ಯ ಬೇರಿರುವುದು ಮರಾಠಿಯಲ್ಲಿ, ಹರಿ ನಾರಾಯಣ ಆಪಟೆಯವರ ‘ವಜ್ರಾಘಾತ’ದಲ್ಲಿ. ಅದನ್ನು ನಮ್ಮ ಮಣ್ಣಿಗೆ ಒಗ್ಗಿಸಿದ ಈ ಮೇಷ್ಟ್ರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಇವತ್ತಿನ ಯಾವ ಪ್ರಕಾಶಕರು ಅಷ್ಟು ನಡೆದಾರು? ಹಂಪಿಗೂ 1565ರ ಯುದ್ಧ ನಡೆದ ರಕ್ಕಸಗಿ–ತಂಗಡಗಿಗೂ ನಡುವಿನ ನೆಲ ಕುಷ್ಟಗಿ ಸೀಮೆಯದು. ಇಲ್ಲಿ ಕೂತು ಓದುವವರಿಗೆ ವಿಜಯನಗರದ ರಾಮರಾಯನ ದಂಡು ತಮ್ಮ ಹೊಲದ ಬದುವಿನ ಮೇಲೇ ಹಾದುಹೋದಂತೆ. ವಾಕ್ಯಗಳು ಉದ್ದ, ಉಪದೇಶವೂ ಸ್ವಲ್ಪ ಜಾಸ್ತಿ. ಉಪದೇಶ ಬಂದಲ್ಲಿ ಪುಟ ಮಗುಚಿದರೆ ಗಳಗನಾಥರೇನೂ ಬೇಸರಪಡುವುದಿಲ್ಲ.

ತರಾಸು ಅವರನ್ನು ಮೊದಲ ಸಲ ಹಿಡಿಯುವವರು ಮಾತ್ರ ‘ದುರ್ಗಾಸ್ತಮಾನ’ದಿಂದ ಶುರು ಮಾಡಬೇಡಿ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಇದೇ ಸರದಿಯಲ್ಲಿ ಮುಗಿಸಿ, ಆಮೇಲೆ ಅದಕ್ಕೆ ಬನ್ನಿ.