ಮೊದಲು ಕಂಬಳಿ, ಆಮೇಲೆ ಮೈಕು

ಹೋದ ವರ್ಷ ಹರ್ನಿಯಾ ಆಪರೇಷನ್ನಿಗೆಂದು ಐದು ದಿನ ಆಸ್ಪತ್ರೆಯಲ್ಲಿ ಮಲಗಿದ್ದೆ. ಎಡಗಡೆ ಹಾಸಿಗೆಯಲ್ಲಿ ಮೊಬೈಲ್ ರೀಲ್ಸು, ಬಲಗಡೆ ಧಾರಾವಾಹಿ, ಹೊರಗೆ ಟೋಕನ್ ನಂಬರು ಕೂಗುವ ಧ್ವನಿವರ್ಧಕ. ಶಬ್ದಕ್ಕೇನೂ ಬರವಿರಲಿಲ್ಲ. ಮಲಗಿದವನನ್ನು ಹೆಸರು ಹಿಡಿದು ಮಾತಾಡಿಸುವ ದನಿಗೆ ಮಾತ್ರ ಬರ. ಮೂವತ್ತು ವರ್ಷದಿಂದ ರೇಡಿಯೊ ಬಿಚ್ಚಿ ಜೋಡಿಸುತ್ತ ಬಂದವನಿಗೆ ಆ ಹೊತ್ತಿನಲ್ಲಿ ನೆನಪಾದದ್ದು ಆಸ್ಪತ್ರೆ ರೇಡಿಯೊ.

ಇಂಗ್ಲೆಂಡಿನಲ್ಲಿ ಇದು ಹಳೆಯ ಹವ್ಯಾಸ. ಯಾರ್ಕ್ ನಗರದ ಆಸ್ಪತ್ರೆಯಲ್ಲಿ 1925ರಲ್ಲೇ ಹಾಸಿಗೆಗಳ ಪಕ್ಕ ಹೆಡ್‌ಫೋನು ಬಂದಿತ್ತು. ಇವತ್ತಿಗೂ ಅಲ್ಲಿ ಅಂಗಡಿಯವರು, ಮೇಷ್ಟ್ರುಗಳು, ಪೆನ್ಷನ್ನಿನವರು ಸಂಬಳವಿಲ್ಲದೆ ಈ ಕೆಲಸ ಮಾಡುತ್ತಾರೆ. ಸಂಜೆ ವಾರ್ಡುಗಳನ್ನು ಸುತ್ತಿ, ಯಾರಿಗೆ ಯಾವ ಹಾಡು ಬೇಕೆಂದು ಬರೆದುಕೊಂಡು, ಪುಟ್ಟ ಕೋಣೆಗೆ ಹೋಗಿ ಹೆಸರು ಹೇಳಿ ಹಾಕುತ್ತಾರೆ.

ನಮ್ಮ ನೆಲಕ್ಕೆ ಇದೇನು ಹೊರಗಿನ ಬುದ್ಧಿಯಲ್ಲ. ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠಲ ವಿಹಾರ'ದಲ್ಲೇ ಬಾನುಲಿ ಶುರುಮಾಡಿದರು. ಕೆಲವು ವರ್ಷ ಅವರೇ ನಡೆಸಿದ್ದು ಆಮೇಲೆ ಸಂಸ್ಥಾನದ ಕೈಸೇರಿತು. ಆ ಮನೆಯ ಬಾನುಲಿಯ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೊದ ಹೆಸರಾಯಿತು. ಮನಸ್ಸಿನ ಪಾಠ ಹೇಳುವ ಮೇಷ್ಟ್ರಿಗೆ ರೇಡಿಯೊದ ಹುಚ್ಚು ಹಿಡಿದದ್ದು ನನಗಂತೂ ಸೋಜಿಗವೆನಿಸುವುದಿಲ್ಲ.

ಇನ್ನೊಂದು ಉದಾಹರಣೆ ಕೋಲಾರ ಜಿಲ್ಲೆಯ ಬೂದಿಕೋಟೆಯದು. ಹೈದರಾಲಿ ಹುಟ್ಟಿದ ಊರು. ಅಲ್ಲಿನ 'ನಮ್ಮ ಧ್ವನಿ' ಬಾನುಲಿ 2001ರ ಸುಮಾರಿಗೆ ಕಣ್ಣು ಬಿಟ್ಟಾಗ ಹಳ್ಳಿಯವರಿಗೆ ಗಾಳಿಗೆ ತರಂಗ ಬಿಡಲು ಪರವಾನಗಿಯೇ ಇರಲಿಲ್ಲ. ಸಂಘ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2006ರಲ್ಲಿ. ಅಲ್ಲಿಯವರೆಗೆ ಬೂದಿಕೋಟೆಯವರು ಕಾಯುತ್ತ ಕೂರಲಿಲ್ಲ. ಕೇಬಲ್ ತಂತಿಯಲ್ಲಿ ದನಿ ಹರಿಸಿ ಮನೆಗೆ ಮುಟ್ಟಿಸಿದರು. ಆಸ್ಪತ್ರೆ ರೇಡಿಯೊದ ಗುಟ್ಟೂ ಅದೇ: ತಂತಿ.

ಚಿತ್ರದುರ್ಗ ಜಿಲ್ಲೆಯ ರಾಮಗಿರಿಯಲ್ಲಿ ಕೂತು 102.6ರ ಚಿತ್ರದುರ್ಗ ಆಕಾಶವಾಣಿ ಹಿಡಿಯುವ ನಮಗೆ ಎಫ್‌ಎಂ ಅಲೆಯ ಸ್ವಭಾವ ಗೊತ್ತು. ಅದು ನೆಟ್ಟಗೆ ನಡೆಯುವ ಪ್ರಾಣಿ. ಗುಡ್ಡ ಅಡ್ಡ ಬಂದರೆ ಗೊರಗೊರ ಅನ್ನುತ್ತದೆ, ರೇಡಿಯೊ ಕಿಟಕಿಗೆ ಬಂದರೆ ಸರಿಹೋಗುತ್ತದೆ. ಆಸ್ಪತ್ರೆಯ ದಪ್ಪ ಗೋಡೆಗಳ ನಡುವೆ ಮಲಗಿದ ರೋಗಿ ಕಿಟಕಿಗೆ ಬರಲಾರ. ತಂತಿಗೆ ಗುಡ್ಡವೂ ಇಲ್ಲ, ಗೋಡೆಯೂ ಇಲ್ಲ. ಉದ್ದದ ತಂತಿಯಲ್ಲಿ ಶಕ್ತಿ ಸೋರದಿರಲು 100 ವೋಲ್ಟ್ ಲೈನು ಎಂಬ ಹಳೆಯ ಉಪಾಯವಿದೆ: ವೋಲ್ಟೇಜು ಹೆಚ್ಚು, ಕರೆಂಟು ಕಡಿಮೆ, ಪ್ರತಿ ಸ್ಪೀಕರಿಗೂ ಒಂದು ಪುಟ್ಟ ಟ್ರಾನ್ಸ್‌ಫಾರ್ಮರು.

ಈಗ ಸ್ಟುಡಿಯೊ. ಹತ್ತಡಿ ಹನ್ನೆರಡಡಿ ಕೋಣೆ ಸಾಕು. ಒಳಗೆ ನಿಂತು ಒಂದು ಚಪ್ಪಾಳೆ ತಟ್ಟಿ. ಸದ್ದು ಝಣ್ಣೆಂದು ಬಾಲ ಎಳೆದರೆ ಆ ಕೋಣೆಯಲ್ಲಿ ಲಕ್ಷ ರೂಪಾಯಿಯ ಮೈಕೂ ದಂಡ. ಮೊಟ್ಟೆಯ ಟ್ರೇ ಅಂಟಿಸುವ ಶೋಕಿ ಬೇಡ. ಅದು ಸದ್ದನ್ನೂ ಹೀರದು, ಕಿಡಿ ಬಿದ್ದರೆ ಧಗ್ಗೆನ್ನುತ್ತದೆ. ನಮ್ಮ ಜಿಲ್ಲೆಯಲ್ಲೇ ಚಳ್ಳಕೆರೆಯ ಕುರಿಯುಣ್ಣೆಯ ಕಂಬಳಿ ಇರುವಾಗ ಬೇರೆ ಯಾಕೆ? ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಆದರೆ ಗೋಡೆಗೆ ಅಂಟಿಸಿ ಮೊಳೆ ಹೊಡೆಯಬೇಡಿ, ನಾಲ್ಕು ಬೆರಳು ಬಿಟ್ಟು ತೂಗುಹಾಕಿ. ಗೋಡೆಯ ಮೈಗೆ ತಾಗಿದಲ್ಲಿ ಗಾಳಿ ಅಲುಗುವುದಿಲ್ಲ, ಕಂಬಳಿಗೆ ಹೀರಲು ಏನೂ ಸಿಗುವುದಿಲ್ಲ. ಸಂದು ಬಿಟ್ಟರೆ ಸ್ವಲ್ಪ ಕೆಳದನಿಯೂ ಅದಕ್ಕೆ ಸಿಗುತ್ತದೆ.

ಮೈಕಿನ ವಿಷಯದಲ್ಲಿ ನನ್ನದು ಹಠ. ಕಂಡೆನ್ಸರ್ ಮೈಕು ಬಲು ಸೂಕ್ಷ್ಮ. ಅದಕ್ಕೆ 48 ವೋಲ್ಟ್ ಬೇಕು, ಜೊತೆಗೆ ಮೌನವೂ ಬೇಕು. ಫ್ಯಾನು, ಕಾಗೆ, ಟ್ರಾಲಿಯ ಗಾಲಿ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಆಸ್ಪತ್ರೆಗೆ ಡೈನಮಿಕ್ ಮೈಕೇ ಸೈ. ಶೂರ್ ಕಂಪನಿಯ ಎಸ್‌ಎಂ58 ಬಂದದ್ದು 1966ರಲ್ಲಿ. ನಮ್ಮ ಆರ್ಕೆಸ್ಟ್ರಾದವರ ಕೈಯಲ್ಲಿ ನೀವು ನೋಡಿರುವ ಜಾಲರಿ ತಲೆಯ ಮೈಕು ಅದೇ. ಬಾಯಿಂದ ಒಂದು ಚೋಟು ದೂರದಲ್ಲಿಟ್ಟು, ಕೊಂಚ ಓರೆಯಾಗಿ ಮಾತಾಡಬೇಕು. ನೇರ ನಿಂತು 'ಭಾಗ್ಯಮ್ಮ' ಎಂದರೆ ಮಹಾಪ್ರಾಣಕ್ಕೆ ಕೇಳುವವರ ಕಿವಿಯಲ್ಲಿ ಢಬ್ ಅನ್ನುತ್ತದೆ. ಹತ್ತಿರದಿಂದ ಆಡಿದ ಮಾತಿಗೆ ಈ ಮೈಕು ತಾನಾಗಿಯೇ ಮಂದ್ರದ ತೂಕ ಕೂಡಿಸುತ್ತದೆ, ಮಂಚದ ಪಕ್ಕ ಕೂತು ಮಾತಾಡಿದ ಹಾಗೆ. ರೋಗಿಗೆ ಬೇಕಾದದ್ದೂ ಅಷ್ಟೇ.

ಮಿಕ್ಸರು ಆರು ಚಾನೆಲ್ಲಿನದು ಸಾಕು: ಎರಡು ಮೈಕು, ಒಂದು ಕಂಪ್ಯೂಟರು, ಒಂದು ಫೋನು. ಜೊತೆಗೊಂದು ಯುಪಿಎಸ್. ಇನ್ನು ಹೆಚ್ಚು ಖರ್ಚು ಮಾಡಬೇಕಾದದ್ದು ಹಾಸಿಗೆಯ ಕಡೆ. ನಮ್ಮೂರ ಕರಿಸಿದ್ಧೇಶ್ವರನ ಜಾತ್ರೆಗೆ ಕಹಳೆ ಸ್ಪೀಕರು ಲಕ್ಷಣ; ವಾರ್ಡಿನಲ್ಲಿ ಅದು ಹಿಂಸೆ. ಒಬ್ಬರು ಹಾಡು ಬಯಸುವಾಗ ಇನ್ನೊಬ್ಬರು ನೋವಿನಲ್ಲಿ ಮುಲುಗುತ್ತಿರುತ್ತಾರೆ. ಹಾಗಾಗಿ ಪ್ರತಿ ಮಂಚಕ್ಕೂ ದಿಂಬಿನಡಿ ಇಡುವ ಚಪ್ಪಟೆ ಸ್ಪೀಕರು, ಒಗೆಯಬಲ್ಲ ಬಟ್ಟೆಯ ಗವಸು, ರೋಗಿಯ ಕೈಗೆ ಎಟುಕುವ ಸ್ವಿಚ್ಚು. ದನಿ ಏರಿಸುವ, ಇಳಿಸುವ, ಪೂರ್ತಿ ನಿಲ್ಲಿಸುವ ಅಧಿಕಾರ ಅವರದೇ. ಆಸ್ಪತ್ರೆಯಲ್ಲಿ ಅವರ ಕೈಲಿ ಉಳಿಯುವ ಅಧಿಕಾರ ತೀರಾ ಕಡಿಮೆ.

ಎಲ್ಲಕ್ಕಿಂತ ಮುಖ್ಯವಾದ ಉಪಕರಣ ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಅದನ್ನು ಹಿಡಿದು ವಾರ್ಡು ಸುತ್ತದವರಿಗೆ ಸ್ಟುಡಿಯೊ ಬೀಗದ ಕೈ ಕೊಡಬಾರದು.

ಸಮುದಾಯ ಬಾನುಲಿಗೆ 100 ವ್ಯಾಟಿನ ಮಿತಿಯಿದೆ, 30 ಮೀಟರಿನ ಗೋಪುರವಿದೆ ಎಂದು ಆಸೆ ಹುಟ್ಟಬಹುದು. ಬೇಡ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಯಾವುದಾದರೂ ಒಂದು ಸರ್ಕಾರಿ ಆಸ್ಪತ್ರೆಯ ಖಾಲಿ ಕೋಣೆಯಿಂದ, ಇಪ್ಪತ್ತು ಹಾಸಿಗೆಯಿಂದ ಶುರುವಾಗಲಿ. ನಿವೃತ್ತ ಮೇಷ್ಟ್ರುಗಳೇ, ಸೋಬಾನೆ ಹೇಳುವ ಅಕ್ಕಂದಿರೇ, ವಾರಕ್ಕೆ ಎರಡು ಸಂಜೆ ಕೊಡಿ. ಕಂಬಳಿ ಮೊದಲು, ಮೈಕು ಆಮೇಲೆ, ಟ್ರಾನ್ಸ್‌ಮಿಟರಿನ ಮಾತೇ ಬೇಡ. ಮೊದಲ ನಾಲ್ಕು ಕಂಬಳಿ ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ.