ಉಪಯೋಗಲಕ್ಷಣವೂ ಮೆದುಳಿನ ವಿಜ್ಞಾನವೂ

ಚೈತನ್ಯವನ್ನು ಮೆದುಳಿನ ವ್ಯಾಪಾರವೆಂದು ವಿವರಿಸಿ ಮುಗಿಸಬಹುದೆ ಎಂಬ ಪ್ರಶ್ನೆ ವಿಜ್ಞಾನಿಗಳಲ್ಲಿ ಬಹುವಾಗಿ ಚರ್ಚಿತವಾಗಿದೆ. ಅನುಭವಕ್ಕೆ ಸಂವಾದಿಯಾದ ನರಕೋಶಗಳ ಗುರುತು 25 ವರ್ಷಗಳೊಳಗೆ ದೊರೆಯುವುದೆಂದು ನರವಿಜ್ಞಾನಿ ಕ್ರಿಸ್ಟಾಫ್ ಕಾಖ್ ಅವರು 1998ರಲ್ಲಿ ತತ್ತ್ವಜ್ಞ ಡೇವಿಡ್ ಚಾಮರ್ಸ್ ಅವರೊಡನೆ ಪಣ ಕಟ್ಟಿದ್ದರು. 2023ರಲ್ಲಿ ನ್ಯೂಯಾರ್ಕಿನಲ್ಲಿ ಸೋಲನ್ನೊಪ್ಪಿ ದ್ರಾಕ್ಷಾಮದ್ಯವನ್ನಿತ್ತರು. (ದ್ಯೂತ, ಮದ್ಯಗಳೆರಡೂ ನಮ್ಮ ಸಪ್ತವ್ಯಸನಗಳಲ್ಲಿ ಸೇರಿರುವುದು ಬೇರೆಯ ಮಾತು.) ಇದರಿಂದ ಜೀವದ್ರವ್ಯವು ಪ್ರಯೋಗಶಾಲೆಯಲ್ಲಿಯೇ ಸಿದ್ಧವಾಯಿತೆಂದು ನಮ್ಮವರು ಹರ್ಷಿಸಿದರೆ ಅದು ಆತುರದ ನಿರ್ಣಯವಾದೀತು. ಸೋತದ್ದು ಕಾಲಾವಧಿಯ ಊಹೆ, ಭೌತವಾದವಲ್ಲ. 256 ಜನರನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಎದುರುಬದುರಾಗಿದ್ದ ಎರಡು ಸಿದ್ಧಾಂತಗಳ ಕೆಲವು ಮುಖ್ಯ ನಿರೀಕ್ಷೆಗಳು ಫಲಿಸಲಿಲ್ಲ. ಪರಪಕ್ಷದ ದೌರ್ಬಲ್ಯವು ಸ್ವಪಕ್ಷಕ್ಕೆ ಹೇತುವಾಗದೆಂಬುದು ನ್ಯಾಯವನ್ನು ಬಲ್ಲವರಿಗೆ ಹೊಸತಲ್ಲ.

ಮೆದುಳಿಗೆ ಪೆಟ್ಟಾದರೆ ಸ್ಮೃತಿ ಹೋಗುತ್ತದೆ, ಆದುದರಿಂದ ಅರಿವು ಮೆದುಳಿನ ಕಾರ್ಯವೇ ಎಂಬ ಅನುಮಾನವೂ ನಿಲ್ಲದು. ಮತಿಜ್ಞಾನಕ್ಕೆ ಇಂದ್ರಿಯ, ಮನಸ್ಸುಗಳು ನಿಮಿತ್ತವೆಂದು ತತ್ತ್ವಾರ್ಥಸೂತ್ರವೇ ಒಪ್ಪಿದೆ. ಅಲ್ಲಿ ದ್ರವ್ಯೇಂದ್ರಿಯವು ನಿರ್ವೃತ್ತಿ, ಉಪಕರಣಗಳೆಂದೂ ಭಾವೇಂದ್ರಿಯವು ಲಬ್ಧಿ, ಉಪಯೋಗಗಳೆಂದೂ ವಿಭಾಗವಿದೆ. ಪೂಜ್ಯಪಾದರು ಕಣ್ಣಿನ ಕಪ್ಪು ಬಿಳುಪಿನ ಮಂಡಲವನ್ನೂ ರೆಪ್ಪೆಯನ್ನೂ ಉಪಕರಣದಲ್ಲಿ ಎಣಿಸಿದ್ದಾರೆ. ನರವಿಜ್ಞಾನವು ಈ ದ್ರವ್ಯಭಾಗವನ್ನು ಪ್ರಾಚೀನರು ಕಾಣದಷ್ಟು ಸೂಕ್ಷ್ಮವಾಗಿ ಬಿಡಿಸಿದೆ. ಅದನ್ನು ಗೌರವದಿಂದ ಒಪ್ಪಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೆದುಳು ಸಂಗ್ರಹದಲ್ಲಿ ರೋಗಗ್ರಸ್ತ ಮೆದುಳುಗಳನ್ನು ನೋಡಿದವರಿಗೆ ಉಪಕರಣಹಾನಿಯ ಅರ್ಥ ಕಣ್ಣಿಗೇ ಕಾಣುತ್ತದೆ. ಆದರೆ ಕೆಂಪನ್ನು ಗುರುತಿಸುವ ಕ್ರಿಯೆಯನ್ನು ವಿವರಿಸಿದ ಮೇಲೆಯೂ, ಆ ಕ್ರಿಯೆಯೊಡನೆ ಕೆಂಪಿನ ಅನುಭವವೇಕೆ ಇದೆ ಎಂಬ ಪ್ರಶ್ನೆ ಉಳಿಯುತ್ತದೆ. ಚಾಮರ್ಸ್ ಕಠಿಣವೆಂದು ಕರೆದುದು ಇದನ್ನೇ. ಸಹಚಾರವು ಕಂಡುಬಂದ ಮಾತ್ರಕ್ಕೆ ಉಪಾದಾನವು ತಿಳಿದಂತಾಗದು.

ಕಾಟಿಪಳ್ಳಕ್ಕೆ ದೂರವಲ್ಲದ ಮೂಡುಬಿದಿರೆಯಲ್ಲಿ ಧವಲಾದಿ ಗ್ರಂಥಗಳ ಓಲೆಗಳಿವೆ. ಓಲೆಯನ್ನು ಹುಳು ತಿಂದರೆ ಪಾಠ ಲೋಪವಾಗುತ್ತದೆ. ಅರ್ಥವು ಓಲೆಯಿಂದಾದುದೆಂದು ಯಾರೂ ಹೇಳರು. ಈ ಸಾಮ್ಯವು ಮನಸ್ಸಿಗೆ ಹಿತವಾದರೂ ದೃಷ್ಟಾಂತ ಮಾತ್ರ, ಹೇತುವಲ್ಲ. ಉಪಕರಣ ಕೆಟ್ಟಾಗ ಅರಿವು ಕುಂದುವುದು ಎರಡು ಪಕ್ಷಗಳಿಗೂ ಸಮ್ಮತವಾಗಿರುವಾಗ, ಆ ಸಾಕ್ಷ್ಯವೊಂದರಿಂದಲೇ ಯಾವ ಪಕ್ಷವೂ ಗೆಲ್ಲದು.

ನಮ್ಮ ಪಾಲಿನ ಕಠಿಣ ಪ್ರಶ್ನೆ ಬೇರೆಯೇ ಇದೆ. ದ್ರವ್ಯಮನವು ಹೃದಯದಲ್ಲಿ ಎಂಟು ದಳದ ಕಮಲದ ಆಕಾರದಲ್ಲಿದೆಯೆಂದು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಹೇಳಿದ್ದಾರೆ. ಅಲ್ಲಿ ಹೃದಯವೆಂದರೆ ಮಸ್ತಿಷ್ಕವೆಂದು ತಿಳಿಯಬಹುದಲ್ಲ ಎಂಬ ಸಲಹೆ ಆಗಾಗ ಕಿವಿಗೆ ಬೀಳುತ್ತದೆ. ಇದು ನನಗೆ ಒಪ್ಪಿಗೆಯಿಲ್ಲ. ಶರೀರರಚನೆಯ ವಿಷಯದಲ್ಲಿ ಗ್ರಂಥದ ಮಾತಿಗೂ ಇಂದಿನ ಪ್ರತ್ಯಕ್ಷಕ್ಕೂ ವಿರೋಧವಿದೆಯೆಂದು ನೇರವಾಗಿ ಬರೆಯುವುದು ಲೇಸು. ಜೀವವು ಉಪಯೋಗಲಕ್ಷಣವುಳ್ಳದ್ದೆಂಬ ಸಿದ್ಧಾಂತವು ಮನಸ್ಸಿನ ಸ್ಥಾನವನ್ನು ಅವಲಂಬಿಸಿಲ್ಲ, ಮನಸ್ಸಿಲ್ಲದ ಏಕೇಂದ್ರಿಯಕ್ಕೂ ಉಪಯೋಗವುಂಟಷ್ಟೆ. ವಿಜ್ಞಾನಕ್ಕೆ ಹೊಂದಲೆಂದು ಇಂದು ಹೃದಯವನ್ನು ಮಸ್ತಿಷ್ಕವಾಗಿಸಿದರೆ, ಮುಂದಿನ ಶೋಧಕ್ಕೆ ತಕ್ಕಂತೆ ಮತ್ತೊಂದು ಪದವನ್ನು ತಿದ್ದಬೇಕಾದೀತು. ಕೇಶವಣ್ಣನು 1359ರಲ್ಲಿ ಇದೇ ಗ್ರಂಥಕ್ಕೆ ಕನ್ನಡವೃತ್ತಿಯನ್ನು ರಚಿಸಿದ್ದಾನೆ. ಅರ್ಥನಿರ್ಣಯಕ್ಕೆ ಹೊರಡುವವರು ಮೊದಲು ಆ ವೃತ್ತಿಯ ಓಲೆಪ್ರತಿಗಳನ್ನು ಹೋಲಿಸಿ, ತಮ್ಮ ಭಿನ್ನಾಭಿಪ್ರಾಯವನ್ನು ಮೂಲದಲ್ಲಿ ಬೆರೆಸದೆ ಟಿಪ್ಪಣಿಯಲ್ಲಿ ಕೊಡಲಿ.